ಸೆಂಟಿಮೀಟರಿನ ಯುದ್ಧ

ವಾಸುದೇವರಾಯರಿಗೆ ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ. ಇದ್ದದ್ದು ಒಂದೇ ಕಾಯಿಲೆ, ಅದರ ಹೆಸರು ಮೌನಪ್ಪ. ಕುಷಾಯಿಗೂಡದ ಮನೆಯಲ್ಲಿ ಕೂತು, ಊರಿನ ಆಚೆ ತುದಿಯ ಮೆಹದಿಪಟ್ಟಣದಲ್ಲಿರುವ ಆ ಹಳೇ ಗೆಳೆಯನನ್ನು ನೆನೆದು, ಅರವತ್ತೆಂಟರ ಈ ಮನುಷ್ಯ ದಿನಾ ಹೊಟ್ಟೆ ಉರಿಸಿಕೊಳ್ಳುತ್ತಿದ್ದರು.

ಎಲ್ಲಾ ಒಂದು ಆಟದ ದೆಸೆಯಿಂದ. ಎಂಬತ್ತಾರನೆಯ ಇಸವಿಯಲ್ಲಿ ಇಬ್ಬರೂ ಸರಕಾರಿ ಕಾರ್ಖಾನೆಯ ನೌಕರರು. ಒಂದು ಭಾನುವಾರ ಅಬಿಡ್ಸ್ ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿಯಲ್ಲಿ ಅವರಿಗೆ ಮೂವತ್ತು ಪುಟದ ಇಂಗ್ಲಿಷ್ ಪುಸ್ತಿಕೆಯೊಂದು ಸಿಕ್ಕಿತು. ಮೇಜಿನ ಮೇಲೆ ಹೆಬ್ಬೆರಳುದ್ದದ ಸಿಪಾಯಿಗಳನ್ನು ನಿಲ್ಲಿಸಿ, ದಾಳ ಉರುಳಿಸಿ, ಪಟ್ಟಿಯಿಂದ ಅಳೆದು ಮುಂದೆ ಸರಿಸುತ್ತ ಕಾದಾಡುವ ಆಟ. ಒಂದೊಂದು ಪಕ್ಷಕ್ಕೆ ಹತ್ತೇ ಜನ. ಪಕ್ಕದವನು ಸತ್ತರೆ ದಾಳ ಹಾಕಬೇಕು. ಒಂದೋ ಎರಡೋ ಬಿದ್ದರೆ ಸಿಪಾಯಿ ಹೆದರಿ ಓಡಬೇಕು. ಆಹಾ, ಎಂಥ ನಿಯಮ! ಈಗಿನ ಆಟಗಳಿಗೆ ದಿಂಬಿನಷ್ಟು ದಪ್ಪದ ಪುಸ್ತಕ ಬರುತ್ತದಂತೆ. ಓದಿ ಮುಗಿಸುವಷ್ಟರಲ್ಲಿ ಕಾದಾಡುವ ಆಸೆಯೇ ಸತ್ತುಹೋಗುತ್ತದೆ.

ಸಿಪಾಯಿ ಒಮ್ಮೆಗೆ ‘ಆರು’ ನಡೆಯಬೇಕು ಎಂದು ಅದರಲ್ಲಿ ಬರೆದಿತ್ತು. ಆರು ಏನು? ಅದನ್ನು ಹೇಳುವ ಮೊದಲ ಹಾಳೆಯೇ ಹರಿದುಹೋಗಿತ್ತು. ವಾಸುದೇವರಾಯರಿಗೆ ಕಾರ್ಖಾನೆಯಲ್ಲಿ ತಯಾರಾದ ಮಾಲಿನ ಅಳತೆ ಪರೀಕ್ಷಿಸುವ ಕೆಲಸ. “ಆರು ಸೆಂಟಿಮೀಟರ್, ಮತ್ತೇನ?” ಎಂದು ತೀರ್ಪು ಕೊಟ್ಟೇಬಿಟ್ಟರು. ಮೌನಪ್ಪ ತಲೆಯಾಡಿಸಿದ. ಹಾಗಾಗಿ ಎರಡು ಸೈನ್ಯ ಎದುರಾಗಲು ಅರ್ಧ ದಿನ ಹಿಡಿಯುತ್ತಿತ್ತು. ಬೆಂಕಿಪೊಟ್ಟಣದ ಮರೆಯಿಂದ ಲೋಟದ ಮರೆಗೆ ತೆವಳುವುದು, ಹೊಂಚು ಹಾಕುವುದು, ಕಡೆಗೆ ಮುಖಕ್ಕೆ ಮುಖ ಕೊಟ್ಟು ಬಡಿದಾಡುವುದು! ಆಮೇಲೆ ಕಾಲೊನಿಯ ಏಳೆಂಟು ಗೆಳೆಯರೂ ಬಂದು ಸೇರಿಕೊಂಡರು.

ಎರಡು ವರ್ಷದ ನಂತರ ಯಾರೋ ಅದೇ ಪುಸ್ತಿಕೆಯ ಇನ್ನೊಂದು ಪ್ರತಿ ತಂದರು. ಅದರಲ್ಲಿ ಮೊದಲ ಹಾಳೆ ಇತ್ತು. ಅಳತೆಯೆಲ್ಲ ಇಂಚಿನಲ್ಲಿ ಎಂದು ಸ್ಪಷ್ಟವಾಗಿ ಬರೆದಿತ್ತು. ಗೆಳೆಯರು ಬಿದ್ದು ಬಿದ್ದು ನಕ್ಕರು. “ಯಾವ ಮಹಾನುಭಾವ್ರೀ ಸೆಂಟಿಮೀಟರ್ ಅಂದಾಂವ?”

ಅಳತೆಯ ಮನುಷ್ಯನಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಅಷ್ಟರಲ್ಲಿ ಮೌನಪ್ಪ, “ನಾನ ಅಂದಾಂವ. ನನಗೇನ್ ಗೊತ್ತರೀ ಇಂಚು ಗಿಂಚು?” ಎಂದ. ನಗೆಯೆಲ್ಲ ಅವನ ಮೇಲೆ ಬಿತ್ತು. ವಾಸುದೇವರಾಯರು ತುಟಿ ಪಿಟಕ್ಕೆನ್ನಲಿಲ್ಲ. ಕ್ರಮೇಣ ಆಟಕ್ಕೆ ಹೋಗುವುದನ್ನೂ ಬಿಟ್ಟರು.

ಈಗ ಮೂವತ್ತಾರು ವರ್ಷವಾದ ಮೇಲೆ, ಹೆಂಡತಿ ನಲಿನಿ ಫೋನು ಮುಂದೆ ಹಿಡಿದಳು. “ಅಲ್ರೀ, ನಿಮ್ಮ ಮೌನಪ್ಪನವ್ರು ಭಾಳ ಹೆಸರು ಮಾಡ್ಯಾರ ನೋಡ್ರಿ.” ಮೌನಪ್ಪನ ಮೊಮ್ಮಗಳು ಶೀತಲ ಭಾನುವಾರದ ಆಟದ ಬಳಗ ಕಟ್ಟಿದ್ದಳು. ಹೊಸ ಆಟಗಳಿಗೆ ಬೇಸತ್ತ ಹುಡುಗ ಹುಡುಗಿಯರು ಅಲ್ಲಿ ಸೆಂಟಿಮೀಟರಿನಲ್ಲಿ ಕಾದಾಡುತ್ತಿದ್ದರು. ಇಂಚಿಗಿಂತ ಇದೇ ಮಜಾ ಎಂದು ಹೊಗಳಿ, ಅದಕ್ಕೆ ‘ಮೌನಪ್ಪ ನಿಯಮ’ ಎಂದು ಹೆಸರಿಟ್ಟಿದ್ದರು.

ರಾಯರ ಹೊಟ್ಟೆಗೆ ಬೆಂಕಿ ಬಿತ್ತು. “ಯಾರದೋ ರೊಕ್ಕ, ಎಲ್ಲವ್ವನ ಜಾತ್ರಿ! ಅದು ನನ್ನ ನಿಯಮ!” ಎಂದು ಕಿರುಚಿ ಹಳೆಯದನ್ನೆಲ್ಲ ಹೇಳಿದರು.

“ಅವತ್ತ ಬಾಯಾಗ ಏನ್ ಇಟ್ಕೊಂಡಿದ್ರಿ?” ಎಂದಳು ನಲಿನಿ.

ಮುಂದಿನ ಭಾನುವಾರ ರಾಯರು ಎರಡು ಬಸ್ಸು ಬದಲಿಸಿ ಮೆಹದಿಪಟ್ಟಣಕ್ಕೆ ಹೋಗಿಯೇ ಹೋದರು. ಮಹಡಿಯ ಮೇಲೆ ಆರು ಮೇಜು, ಸುತ್ತ ಎಳೆಯರ ಗದ್ದಲ. ಯಾವನೋ ಸಿಪಾಯಿ ಹೆದರಿ ಓಡಿದ್ದಕ್ಕೆ ಎಲ್ಲರೂ ಹೋ ಎಂದರು. ಕೈಗೆ ದಾಳ ಬೇಕೆನಿಸಿತು ರಾಯರಿಗೆ. ಅಷ್ಟರಲ್ಲಿ ನಡುವೆ ಕುರ್ಚಿ ಹಾಕಿಕೊಂಡು, ನಾಲ್ಕು ಜನರಿಂದ “ತಾತಾ, ತಾತಾ” ಅನಿಸಿಕೊಳ್ಳುತ್ತ ಕೂತ ಮೌನಪ್ಪ ಕಣ್ಣಿಗೆ ಬಿದ್ದ. ಅವನ ಹಿಂದಿನ ಬೋರ್ಡಿನಲ್ಲಿ ಅವನದೇ ಹೆಸರು.

“ಸೆಂಟಿಮೀಟರ್ ನಂದು! ಹೇಳಿದಾಂವ ನಾನು! ಈ ಮನಷ್ಯಾ ನನ್ನ ತಪ್ಪು ತಗೊಂಡು ಮೆರ್ಯಾಕತ್ಯಾನ!”

ಎಲ್ಲ ಮೇಜಿನವರೂ ಇತ್ತ ತಿರುಗಿದರು. ಮೌನಪ್ಪ ನಿಧಾನಕ್ಕೆ ಎದ್ದು ನಿಂತ. “ಖರೇ ಐತಿ. ಶೀತಲ, ಬೋರ್ಡ್ ಒರಸವ್ವಾ. ವಾಸುದೇವರಾಯರ ನಿಯಮ ಅಂತ ಬರಿ.”

“ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ ಅಜ್ಜಾ?” ಎಂದಳು ಶೀತಲ.

“ಅವತ್ತ ಮಂದಿ ನಗಾಕತ್ತಿದ್ರು. ಅಳತಿ ನೋಡೂ ಮನಷ್ಯಾ, ಇವರ ಮಾರಿ ನೋಡಾಕ ಆಗಲಿಲ್ಲ ನನಗ. ಒಮ್ಮೆ ನಂದು ಅಂದ ಮ್ಯಾಲೆ, ಅವರ ಬಂದು ತಮ್ಮದು ಅನ್ನೂತನಕ ನಾ ಹೆಂಗ ಹೇಳ್ಲಿ?” ಎಂದು ಗೆಳೆಯನ ಕಡೆ ತಿರುಗಿದ. “ಬರ್ರಿ ರಾಯರ, ಕೂಡ್ರಿ. ಚಾ ತರಸ್ತೀನಿ.”

ಶೀತಲ ದೊಡ್ಡ ಅಕ್ಷರದಲ್ಲಿ ಹೆಸರು ಬರೆದಳು. ಎಲ್ಲರೂ ರಾಯರಿಗೆ ಚಪ್ಪಾಳೆ ತಟ್ಟಿದರು. ತಟ್ಟಿ ಮುಗಿಸಿ, ಮತ್ತೆ ಹೋಗಿ ಮೌನಪ್ಪನ ಸುತ್ತಲೇ ಕೂತರು, ಮೊದಲಿಗಿಂತ ಹತ್ತಿರಕ್ಕೆ. ಒಬ್ಬ ಹುಡುಗಿ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ರಾಯರು ಚಹಾ ಕುಡಿಯದೆ ಮೆಟ್ಟಿಲಿಳಿದರು.

ನಲಿನಿ ಬಾಗಿಲಲ್ಲೇ ಕೇಳಿದಳು. “ಸಿಕ್ತೇನ್ರೀ ನಿಮ್ಮ ನಿಯಮ?”

“ಸಿಕ್ತು.”

“ಮತ್ತ್ಯಾಕ ಮಾರಿ ಹಿಂಗ ಮಾಡೀರಿ?”

ರಾಯರು ಹೊಸ್ತಿಲ ಹತ್ತಿರವೇ ಕುಸಿದು ಕೂತರು. “ಕೊಟ್ಟೂ ಗೆದ್ದನಲ್ಲ ನಲಿನಿ, ಆ ಮಗಾ. ಅವಗ ಸೋಲಾಕ ಬರಂಗಽ ಇಲ್ಲ.”