ಟ್ಯಾಬ್ ಕೀಲಿಯ ಆತುರ

ನನ್ನ ಕೀಲಿಮಣೆಯಲ್ಲಿ ಎಲ್ಲಕ್ಕಿಂತ ಮೊದಲು ಸವೆದುಹೋದದ್ದು ಎಡಗಡೆಯ ಟ್ಯಾಬ್ ಕೀಲಿ. ಬೇರೆಯವರ ಕೀಲಿಮಣೆಗಳಲ್ಲಿ ಅಕ್ಷರಗಳು ಸವೆಯುತ್ತವೆ, ಏಕೆಂದರೆ ಅವರು ಬರೆಯುತ್ತಾರೆ. ನಾನು ಅರ್ಧ ಬರೆದು ಉಳಿದರ್ಧವನ್ನು ಯಂತ್ರದ ತಲೆಗೆ ಕಟ್ಟುವವನು. ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ ಕೂತು, ಚಿತ್ರವಿಲ್ಲ ಗುಂಡಿಯಿಲ್ಲ, ಬರೀ ಆಜ್ಞೆಗಳನ್ನು ಟೈಪು ಮಾಡಿ ಕೆಲಸ ತೆಗೆಯುವ ನನ್ನಂಥ ಹಳೆಯ ಪಂಗಡದವರಿಗೆ ಈ ಸುಖ ಗೊತ್ತು: ಪದದ ಮೊದಲೆರಡು ಅಕ್ಷರ ಒತ್ತಿ ಟ್ಯಾಬ್ ಕುಟ್ಟಿದರೆ ಮಿಕ್ಕ ಪದ ತಾನಾಗಿ ಬಂದು ನಿಲ್ಲುತ್ತದೆ. ಮನಸ್ಸಿನಲ್ಲಿದ್ದದ್ದನ್ನು ಹೇಳುವ ಮೊದಲೇ ತಂದಿಡುವ ಇಂಥ ಪರಿಚಾರಕ ಚಕ್ರವರ್ತಿಗಳಿಗೂ ಸಿಕ್ಕಿರಲಾರ.

ತಿಪಟೂರಿನ ಕಾಲೇಜೊಂದರಲ್ಲಿ ಗಣಿತ ಹೇಳುವ ನಾನು ಸ್ವಭಾವತಃ ಚಡಪಡಿಕೆಯ ಪ್ರಾಣಿ. ವಿದ್ಯಾರ್ಥಿ ಉತ್ತರ ಶುರುಮಾಡಿದರೆ ಮುಗಿಸುವವನು ನಾನು. ಮದುವೆಮನೆಯಲ್ಲಿ ಊಟದ ಎಲೆ ಹಾಕುವ ಮೊದಲೇ ಕೈತೊಳೆಯುವ ಜಾಗ ಹುಡುಕಿಟ್ಟುಕೊಳ್ಳುವವನೂ ನಾನೇ. "ನಾನು ಕೇಳೋಕ್ಕೆ ಮುಂಚೆ ಉತ್ತರ ಕೊಡ್ತೀರಿ, ಆಮೇಲೆ ನಾನೇ ಪ್ರಶ್ನೆ ಬದಲಾಯಿಸ್ಕೋಬೇಕು" ಎಂದು ನನ್ನ ಹೆಂಡತಿ ಹೇಳುವುದುಂಟು. ಆ ಮಾತನ್ನೂ ನಾನು ಪೂರ್ತಿಯಾಗಿ ಕೇಳಿಸಿಕೊಂಡದ್ದು ತಡವಾಗಿ. ಇಂಥವನು ಹುಟ್ಟಿ ಬೆಳೆದದ್ದು ಕೊಬ್ಬರಿಯ ಸೀಮೆಯಲ್ಲಿ ಎಂಬುದು ವಿಧಿಯ ವಿನೋದ. ಇಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ತಾನಾಗಿ ಆರಿ, ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟು ಗಡಗಡ ಅನ್ನುವ ತನಕ ಯಾರ ಅವಸರವೂ ನಡೆಯುವುದಿಲ್ಲ.

ಬಿಡುವಿನ ವೇಳೆಯಲ್ಲಿ ನಾನೊಂದು ಪುಟ್ಟ ತಂತ್ರಾಂಶ ಬರೆದಿದ್ದೆ. ಹಿಂದಿನ ಕಾಲದ ಕನ್ನಡ ಫಾಂಟುಗಳಲ್ಲಿ ಟೈಪು ಮಾಡಿಟ್ಟ ಕಡತಗಳು ಇಂದಿನ ಕಂಪ್ಯೂಟರುಗಳಲ್ಲಿ ಇರುವೆ ಸಾಲು ಕೆದರಿದಂತೆ ಕಾಣುತ್ತವಷ್ಟೆ. ಅವನ್ನು ಓದುವ ಹಾಗೆ ತಿರುಗಿಸುವುದು ಇದರ ಕೆಲಸ. ಇದನ್ನು ನಿಯಮಿತವಾಗಿ ಬಳಸುವವರು, ನನಗೆ ಗೊತ್ತಿರುವಂತೆ, ತುರುವೇಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಲಗ್ನಪತ್ರಿಕೆ ಟೈಪು ಮಾಡಿಕೊಡುವ ಅಂಗಡಿಯ ಸರೋಜಮ್ಮ ಒಬ್ಬರೇ. ಆಕೆ ಒಂದು ದಿನ ಫೋನು ಮಾಡಿದರು.

"ಸಾರ್, ನಿಮ್ಮ ಕಪ್ಪು ಪರದೇಲಿ ಒಂದಕ್ಷರ ತಪ್ಪಿದ್ರೂ ಬೈತದೆ ಕಣ್ರೀ. ನಾನು ಅರ್ಧ ಹೊಡುದ್ರೆ ಮಿಕ್ಕಿದ್ದು ಅದೇ ಹೊಡ್ಕಳೋ ಹಂಗೆ ಮಾಡ್ಕೊಡಿ."

ಕುದುರೆಗೆ ಓಡು ಎಂದಂತಾಯಿತು. ಈ ಸೌಕರ್ಯಕ್ಕೆ 'ಸ್ವಯಂಪೂರಣ' ಎಂದು ಹೆಸರಿಟ್ಟು, ಹೋಳಿಗೆಗೆ ಮಾತ್ರ ಪೂರಣ ಸಲ್ಲುತ್ತದೆಂಬ ಲೋಕದ ಭ್ರಮೆಯನ್ನು ಕಳೆದೆನೆಂದು ಬೀಗುತ್ತಾ ಕೆಲಸಕ್ಕೆ ಕೂತೆ. ತತ್ತ್ವ ಸರಳ. ಬಳಸುವವರು ಟ್ಯಾಬ್ ಒತ್ತಿದಾಗ, ಅದುವರೆಗೆ ಟೈಪಾದ ಅಕ್ಷರಗಳಿಂದ ಶುರುವಾಗುವ ಆಜ್ಞೆಗಳು ಯಾವುವು ಎಂದು ನನ್ನ ತಂತ್ರಾಂಶ ಹೇಳಬೇಕು. ಒಂದೇ ಇದ್ದರೆ ಪರದೆ ಅದನ್ನು ತುಂಬಿಕೊಳ್ಳುತ್ತದೆ. ಹಲವು ಇದ್ದರೆ, ಎಲ್ಲಕ್ಕೂ ಸಮಾನವಾದ ಭಾಗವನ್ನಷ್ಟೇ ತುಂಬಿ ಸುಮ್ಮನೆ ನಿಲ್ಲುತ್ತದೆ. ಮತ್ತೊಮ್ಮೆ ಒತ್ತಿದರೆ ಇರುವ ಆಯ್ಕೆಗಳನ್ನೆಲ್ಲ ತೋರಿಸಿ ಮತ್ತೆ ಕಾಯುತ್ತದೆ.

ಈ ಕಾಯುವುದೇ ನನಗೆ ಹಿಡಿಸಲಿಲ್ಲ. ಆಜ್ಞೆಗಳನ್ನೆಲ್ಲ ಕನ್ನಡದಲ್ಲೇ ಇಡಬೇಕೆಂಬ ಅಭಿಮಾನದಿಂದ, ಕಡತದಲ್ಲಿ ಎಷ್ಟು ಪದಗಳಿವೆ ಎಂದು ಎಣಿಸುವುದಕ್ಕೆ 'ಅಳೆ' ಎಂದೂ ಹಳೆಯ ಪ್ರತಿಯನ್ನು ತೆಗೆದುಹಾಕುವುದಕ್ಕೆ 'ಅಳಿಸು' ಎಂದೂ ಹೆಸರಿಟ್ಟಿದ್ದೆ. ಎರಡರ ಆರಂಭವೂ 'ಅಳ' ಎಂದೇ. ಟ್ಯಾಬ್ ಒತ್ತಿದರೆ ಪರದೆ ಅಷ್ಟಕ್ಕೇ ನಿಂತು, ಮುಂದೇನು ಎಂಬಂತೆ ಮಿಣಮಿಣ ನೋಡುತ್ತಿತ್ತು. ನಾನು ಎದ್ದು ಕಾಫಿ ಕುಡಿದೆ, ಜಗಲಿಯಲ್ಲಿ ಶತಪಥ ತಿರುಗಿದೆ, ಕೊನೆಗೊಂದು ಚಾತುರ್ಯ ಹೊಳೆಯಿತು: ಗೊಂದಲವಾದಾಗ, ಬಳಸುವವರು ಯಾವುದನ್ನು ಹೆಚ್ಚು ಬಳಸಿದ್ದಾರೋ ಅದನ್ನೇ ತುಂಬಿಬಿಡುವುದು! ಅವರ ಮನಸ್ಸನ್ನು ನಾವೇ ಊಹಿಸಿದರಾಯಿತು. ಕನ್ನಡದಲ್ಲಿ ಅಳಿಸು ಎಂದರೆ ಕಣ್ಣೀರು ಹಾಕಿಸು ಎಂದೂ ಅರ್ಥವಿದೆಯಲ್ಲ ಎಂಬುದು ಆಗ ನೆನಪಾಗಲಿಲ್ಲ. ಇನ್ನೊಂದಿಷ್ಟು ತಿದ್ದಿ ಸರೋಜಮ್ಮನಿಗೆ ಕಳಿಸುವುದೆಂದು, ಭಾನುವಾರ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿಕೊಂಡು ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿದೆ.

ಅಲ್ಲಿಗೆ ಸಮೀಪದ ಹಳ್ಳಿಯಲ್ಲಿ ನನ್ನ ಅಕ್ಕ ಇದ್ದಾಳೆ. ಶಾಲೆಯಲ್ಲಿ ಮೇಡಮ್ಮಾಗಿದ್ದವಳು, ನಿವೃತ್ತಿಯ ನಂತರ ತೋಟವನ್ನೇ ತರಗತಿ ಮಾಡಿಕೊಂಡು ಪ್ರತಿ ಮರದ ಬುಡಕ್ಕೂ ಹೋಗಿ ಹಾಜರಿ ಹಾಕುತ್ತಿದ್ದವಳು. ಹೋದ ವರ್ಷ ಲಕ್ವ ಹೊಡೆಯಿತು. ಕಾಲು ಹೇಗೋ ಸುಧಾರಿಸಿತು, ಮಾತು ಸುಧಾರಿಸಲಿಲ್ಲ. ಹೇಳಬೇಕಾದ್ದು ಒಳಗೆ ಸ್ಪಷ್ಟವಾಗಿದೆ, ಪದ ಮಾತ್ರ ಮೊದಲಕ್ಷರದಲ್ಲೇ ಸಿಕ್ಕಿಕೊಳ್ಳುತ್ತದೆ. "ಅವರಿಗೆ ಬೇಕಾದಷ್ಟು ಸಮಯ ಕೊಡಿ, ನೀವು ಮುಗಿಸಬೇಡಿ" ಎಂದು ತುಮಕೂರಿನ ವೈದ್ಯರು ಹೇಳಿದ್ದರು. ಭಾವ ಅದನ್ನು ಅಕ್ಷರಶಃ ಪಾಲಿಸಿದರು. ನಾನು? ಅವಳು 'ಕಾ' ಎಂದರೆ ಕಾಫಿಯಾ, ಕಾಯಿಯಾ, ಕಾಲುನೋವಾ ಎಂದು ಪದಗಳ ಮಳೆಗರೆಯುತ್ತಿದ್ದೆ. ಅವಳು ಎಷ್ಟೋ ಸಲ ನನ್ನ ಬಾಯಿ ಮುಚ್ಚಿಸಲೆಂದೇ ಯಾವುದೋ ಒಂದಕ್ಕೆ ತಲೆಯಾಡಿಸಿ, ಬೇಡದ ಕಾಫಿ ಕುಡಿದಿದ್ದಾಳೆಂದು ನನಗೀಗ ಅನುಮಾನ.

ಅಂದು ಹೋಗುವಷ್ಟರಲ್ಲಿ ಮರ ಹತ್ತುವ ರಂಗಪ್ಪ ಹಗ್ಗ, ಮಚ್ಚು ಸಮೇತ ಬಂದಿದ್ದ. ದನದ ಕೊಟ್ಟಿಗೆಯ ಪಕ್ಕದ ಹಳೆಯ ತೆಂಗಿನಮರ ಸುಳಿ ಒಣಗಿ ನಿಂತಿತ್ತು. ಬುಡ ಕಡಿದರೆ ಕೊಟ್ಟಿಗೆಯ ಮೇಲೇ ಬೀಳುತ್ತದೆ. ಆದ್ದರಿಂದ ಮೇಲೆ ಹತ್ತಿ ತಲೆಯಿಂದ ತುಂಡು ತುಂಡಾಗಿ ಕಡಿದು ಇಳಿಸುವುದೆಂದು ಮಾತಾಗಿತ್ತು. ನನಗೆ ಮಧ್ಯಾಹ್ನದ ಬಸ್ಸಿನ ಚಿಂತೆ. ಅಕ್ಕ ಜಗಲಿಯ ಕುರ್ಚಿಯಲ್ಲಿ ಕೂತಿದ್ದಳು. ರಂಗಪ್ಪ ಮರಕ್ಕೆ ಕೈಹಾಕುತ್ತಿದ್ದಂತೆ ಮುಂದಕ್ಕೆ ಬಾಗಿ, "ಬೇ..." ಎಂದಳು.

"ಏನಕ್ಕಾ, ಮರ ತೆಗೆಸಬೇಕು ತಾನೇ? ಬೇಕಂತೆ. ಹತ್ತು ರಂಗಪ್ಪ" ಎಂದೆ.

ಅವನು ಹತ್ತತೊಡಗಿದ. ಅಕ್ಕ ಜೋರಾಗಿ ತಲೆಯಲ್ಲಾಡಿಸಿದಳು. "ಬೇ... ಬೇ..."

"ಬೇಡವಾ? ಇಷ್ಟು ದಿನ ಸುಮ್ನಿದ್ದು ಈಗ ಬೇಡ ಅಂದ್ರೆ ಹೆಂಗಕ್ಕಾ?"

ಅದಕ್ಕೂ ತಲೆಯಲ್ಲಾಡಿಸಿದಳು. ಅವಳ ಕತ್ತಿನ ನರ ಉಬ್ಬಿ, ಕಣ್ಣಲ್ಲಿ ನೀರು ತುಂಬಿತು. ನನಗೋ ಸಿಟ್ಟು. "ಬೇಕೂ ಅಲ್ಲ, ಬೇಡವೂ ಅಲ್ಲ ಅಂದ್ರೆ ಇನ್ನೇನು? ಬೇಗನಾ? ಬೇರೆ ಮರವಾ?" ಎನ್ನುತ್ತಾ ಹೋದೆ. ಅವಳ ಊರುಗೋಲು ನೆಲಕ್ಕೆ ಟಪಟಪ ಬಡಿಯುತ್ತಿತ್ತು. ರಂಗಪ್ಪ ಆಗಲೇ ಆಳೆತ್ತರ ದಾಟಿದ್ದ.

ಅಟ್ಟದ ಮೇಲೆ ಕಾಯಿ ಅಲ್ಲಾಡಿಸಿ ನೋಡುತ್ತಿದ್ದ ಭಾವ ಸದ್ದು ಕೇಳಿ ಇಳಿದು ಬಂದರು. ಅವರ ಜೀವಮಾನದಲ್ಲಿ ಅವರು ಅವಸರಪಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಇಳಿಯೋ ರಂಗಪ್ಪ, ಮೊದ್ಲು ಇಳೀಲಾ!" ಎಂದು ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನೀನು ಸುಮ್ಕಿರಪ್ಪ. ಅವಳು ಇನ್ನಾ ಹೇಳ್ತವ್ಳೆ" ಎಂದರು.

ರಂಗಪ್ಪ ಇಳಿದು ನಿಂತ. ಭಾವ ಅಕ್ಕನ ಮುಂದೆ ನೆಲದ ಮೇಲೆ ಕೂತು, ಅವಳ ಮುಖ ನೋಡುತ್ತಾ ಸುಮ್ಮನಾದರು. ನನ್ನ ನಾಲಿಗೆಯ ತುದಿಯಲ್ಲಿ ನಾಲ್ಕಾರು ಪದಗಳು ಕುಣಿಯುತ್ತಿದ್ದವು, ಹಲ್ಲು ಕಚ್ಚಿಕೊಂಡೆ. ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವ ಸದ್ದು ಕೇಳಿಸುತ್ತಿತ್ತು. ಅಕ್ಕ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

"ಬೇ... ರು" ಎಂದಳು. ಮತ್ತೊಮ್ಮೆ, ಗಟ್ಟಿಯಾಗಿ, "ಬೇರು!"

ಮರದ ಬುಡದ ಸುತ್ತ ಕಾಯಿಮಟ್ಟೆಯ ರಾಶಿಯಿತ್ತು. ರಂಗಪ್ಪನೂ ಭಾವನೂ ಅದನ್ನು ಕೆದಕಿ ತೆಗೆದರು. ಕೆಳಗೆ ಕಾಂಡ ಕಪ್ಪಾಗಿ, ಕಂದು ರಸ ಸೋರಿ ಒಣಗಿತ್ತು. ರಂಗಪ್ಪ ಹಾರೆಯಿಂದ ಮೆಲ್ಲಗೆ ತಿವಿದ. ಅದು ರಾಗಿಹಿಟ್ಟಿಗೆ ಇಳಿದಂತೆ ಇಳಿದುಹೋಯಿತು. ಬೇರೆಂಬುದು ಒಂದು ಮಗ್ಗುಲಲ್ಲಿ ಇರಲೇ ಇಲ್ಲ. ಕಾಯಿಲೆಗೆ ಮುಂಚೆ ತೋಟ ಸುತ್ತುತ್ತಿದ್ದ ಕಾಲದಲ್ಲೇ ಅಕ್ಕ ಅದನ್ನು ನೋಡಿದ್ದಳು. ಹೇಳುವುದಕ್ಕೆ ಮೊದಲು ಮಾತು ಹೋಯಿತು, ಆಮೇಲೆ ಮಟ್ಟೆ ಮುಚ್ಚಿತು.

ಎಮ್ಮೆಯನ್ನು ಆಚೆ ಕಟ್ಟಿ, ಉದ್ದನೆಯ ಬಿದಿರಿನಿಂದ ಹಗ್ಗದ ಕುಣಿಕೆಯನ್ನು ಕಾಂಡದ ಮೇಲಕ್ಕೇರಿಸಿ, ದೂರದ ಹೊಲದಿಂದ ಎಳೆದರು. ಎಳೆಯುವ ಶ್ರಮವೇ ಬೀಳಲಿಲ್ಲ. ಹಗ್ಗ ಬಿಗಿಯಾಗುತ್ತಿದ್ದಂತೆ ಮರ ಬುಡದಲ್ಲೇ ಮುರಿದು ಹೊಲದ ಕಡೆಗೆ ಮಲಗಿತು. ನೆಲ ಅದುರಿತು. ರಂಗಪ್ಪ ಬಹಳ ಹೊತ್ತು ಆ ಮರವನ್ನೇ ನೋಡಿ, ಜಗಲಿಗೆ ಬಂದು, ಅಕ್ಕನ ಕಾಲಿಗೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡ. "ಅಮ್ಮಾರೇ, ಮನೇಲಿ ಹೆಂಡ್ರು ಮಕ್ಳು ಅವ್ರೆ" ಎಂದ, ಅಷ್ಟೇ. ನನ್ನ ಕಡೆ ಅವನು ನೋಡಲಿಲ್ಲ.

ಊಟವಾದ ಮೇಲೆ ಲ್ಯಾಪ್‌ಟಾಪು ತೆರೆದು, ಊಹಿಸುವ ಆ ಚತುರ ಭಾಗವನ್ನಿಡೀ ಕಿತ್ತುಹಾಕಿದೆ. ಗೊಂದಲವಿದ್ದಲ್ಲಿ ಪರದೆ ನಿಲ್ಲಲಿ, ಸರೋಜಮ್ಮ ಮುಂದಿನ ಅಕ್ಷರ ಒತ್ತುವ ತನಕ ಕಾಯಲಿ. ಅವರಿಗೆ ಕಳಿಸಿದೆ. ಸಂಜೆಯ ಹೊತ್ತಿಗೆ ಫೋನು ಬಂತು.

"ಚೆನ್ನಾಗೈತೆ ಸಾರ್. ಅಳಿಸೋಕೆ ಮುಂಚೆ ನಿಂತ್ಕಂಡು ಕೇಳ್ತದಲ್ಲ, ಅದು ಒಳ್ಳೇದಾಯ್ತು ಬುಡಿ. ಇಲ್ದಿದ್ರೆ ನನ್ ಕೈ ಸುಮ್ನಿರಕಿಲ್ಲ."

ಅವರ ಕೈಯೊಂದೇ ಅಲ್ಲ ಎಂದು ಹೇಳಹೊರಟು, ಅವರು ಮಾತು ಮುಗಿಸಿದ್ದಾರೋ ಇಲ್ಲವೋ ಎಂದು ತಡೆದೆ. ಮುಗಿಸಿರಲಿಲ್ಲ. ಮಗಳ ನಾಮಕರಣದ ಊಟಕ್ಕೆ ಬರಬೇಕೆಂದು ಕರೆಯುವುದಿತ್ತು.

ಮಧ್ಯಾಹ್ನದ ಬಸ್ಸು ಯಾವಾಗಲೋ ಹೋಗಿತ್ತು. ಕೊನೆಯದು ಊರ ಮುಂದಿನ ತಿರುವಿನಲ್ಲಿ ಹಾರನ್ ಹೊಡೆಯಿತು. ನಾನು ಚೀಲ ಹೆಗಲಿಗೇರಿಸಿ "ಬತ್ತೀನಕ್ಕ" ಎಂದೆ. ಅಕ್ಕ ಕೋಲೂರಿಕೊಂಡು ಬಾಗಿಲ ತನಕ ಬಂದಳು. ತುಟಿ ಅಲುಗಿತು.

"ಹೋ..."

ಬಸ್ಸು ಆಲದಮರದ ಕೆಳಗೆ ನಿಂತಿತು. ಇಬ್ಬರು ಇಳಿದರು. ನನ್ನ ಕಾಲು ಒಂದು ಹೆಜ್ಜೆ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು.

"ಹೋ... ಗಿ..."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಧೂಳೆಬ್ಬಿಸಿಕೊಂಡು ಹೊರಟಿತು. ಭಾವ ನನ್ನ ಹೆಗಲಿನಿಂದ ಚೀಲ ಇಳಿಸಿಕೊಂಡರು. ನಾನು ಅಕ್ಕನ ಮುಖವನ್ನೇ ನೋಡುತ್ತಾ ನಿಂತೆ. ಧೂಳು ಪೂರಾ ಅಡಗಿ, ರಸ್ತೆ ಮತ್ತೆ ಕಂಡ ಮೇಲೆ, ಅವಳು ನಗುತ್ತಾ ಉಳಿದ ಪದವನ್ನು ಆಡಿದಳು:

"ಬಾ."