ಟಿ.ವಿ.ಗೆ ಪ್ರಾಂಪ್ಟ್ ಮಾಡುವ ಭಾವ

ಹಳೆಯ ಸಿನಿಮಾ, ಹಳೆಯ ಧಾರಾವಾಹಿಗಳ ವಿಷಯ ಬಂದರೆ ನನಗೂ ಭಾವನಿಗೂ, ಅಂದರೆ ನನ್ನ ಅಕ್ಕನ ಗಂಡನಿಗೂ, ಇವತ್ತಿನವರೆಗೆ ಹೊಂದಿಕೆಯಾಗಿಲ್ಲ. ನಾನಿರುವುದು ಸಾಗರದಲ್ಲಿ, ಅವರು ಹೊಸನಗರದಲ್ಲಿ. ಭೇಟಿಯಾದಾಗಲೆಲ್ಲ ಕಾಫಿ ಬರುವ ಮೊದಲೇ ನಮ್ಮ ಜಗಳ ಶುರುವಾಗುತ್ತಿತ್ತು. ನನಗೆ ಎದೆಯುಬ್ಬಿಸಿ ಗುಡುಗುವ ನಾಯಕರೇ ಬೇಕು. ಟೆಂಟಿನ ಕೊನೆಯಲ್ಲಿ ಕೂತವನಿಗೂ ಮಾತು ಕೇಳಿಸದಿದ್ದರೆ ಅವನೆಂಥ ನಟ? ಭಾವನಿಗೆ ಅಪ್ಪ, ಮಾವ, ಗುಮಾಸ್ತರ ಪಾತ್ರ ಮಾಡಿಕೊಂಡೇ ಮುದುಕರಾದ ನಟರೆಂದರೆ ಪ್ರಾಣ.

"ನಿನ್ನ ಹೀರೋ ಮಾತಾಡ್ತಾನೆ ಅಷ್ಟೆ. ಎದುರಿನವನು ಹೇಳಿದ್ದು ಕೇಳಿಸ್ಕೊಳ್ತಾನಾ ನೋಡು. ಬಸ್ಸಿಗೆ ಕಾಯೋ ಹಾಗೆ ತನ್ನ ಸರದಿಗೆ ಕಾಯ್ತಾ ನಿಂತಿರ್ತಾನೆ ಮಾರಾಯ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರ ಈ ದೃಷ್ಟಿಗೆ ಕಾರಣವಿದೆ. ಔಷಧಿ ಅಂಗಡಿ ಅವರ ಹೊಟ್ಟೆಪಾಡು. ಮನಸ್ಸೆಲ್ಲ ಪ್ರಾಂಪ್ಟರ್ ಕೆಲಸದಲ್ಲಿ. ಹೆಗ್ಗೋಡು ಹತ್ತಿರವಿರುವುದರಿಂದಲೋ ಏನೋ, ನಮ್ಮ ಕಡೆ ಊರಿಗೊಂದು ನಾಟಕದ ಸಂಘ. ಪಾತ್ರಕ್ಕೆ ಜನ ಮುಗಿಬೀಳುತ್ತಾರೆ. ಪರದೆಯ ಮರೆಯಲ್ಲಿ ನಿಂತು, ನಟರು ಮರೆತ ಮಾತನ್ನು ಪಿಸುದನಿಯಲ್ಲಿ ಹೇಳಿಕೊಡುವ ಕೆಲಸಕ್ಕೆ ಯಾರೂ ಬರುವುದಿಲ್ಲ. ಭಾವ ಅದನ್ನು ಕೇಳಿ ಪಡೆದವರು. ತೀರ್ಥಹಳ್ಳಿಯ ಒಂದು ನಾಟಕದಲ್ಲಿ ನಾನು ಸೇನಾಪತಿ. ಕತ್ತಿ ಎತ್ತಿ ಹಿಡಿದವನಿಗೆ ಮುಂದಿನ ಮಾತು ಮರೆತುಹೋಯಿತು. ಭಾವ ತಕ್ಷಣ ಹೇಳಿಕೊಡಲಿಲ್ಲ. ಆಮೇಲೆ ನಾನು ಹಾರಾಡಿದರೆ, "ನೀನು ಮರ್ತು ನಿಂತಿದೀಯೋ, ಬೇಕಂತ ನಿಲ್ಸಿದೀಯೋ ನೋಡ್ಬೇಕಲ್ಲ. ಬೇಕಂತ ನಿಲ್ಸಿದವನ ಬಾಯಿಗೆ ಮಾತು ತುರುಕಿದ್ರೆ ಅವನ ಕೆಲಸ ಕೆಡ್ತದೆ" ಎಂದರು. ನಾನು ಬೇಕೆಂದೇ ನಿಲ್ಲಿಸಿದ್ದಿರಬಹುದು ಎಂದು ಜಗತ್ತಿನಲ್ಲಿ ನಂಬಿದವರು ಅವರೊಬ್ಬರೇ.

ಈ ಅಭ್ಯಾಸ ಮನೆಗೂ ಬಂದಿತ್ತು. ಹಳೆಯ ಧಾರಾವಾಹಿ ಮತ್ತೆ ಹಾಕಿದರೆ ಭಾವ ಟಿ.ವಿ.ಯೊಳಗಿನವರಿಗೂ ಮಾತು ಹೇಳಿಕೊಡುತ್ತಿದ್ದರು. ಅಕ್ಕ ತಲೆ ಚಚ್ಚಿಕೊಳ್ಳುತ್ತಿದ್ದಳು. "ಅವ್ರಿಗೆ ಸಂಬಳ ಕೊಟ್ಟು ಕಲ್ಸಿದಾರೆ. ನೀವ್ಯಾಕೆ ಬಾಯಿ ನೋಯಿಸ್ಕೊಳ್ತೀರಾ?"

ಹೋದ ವರ್ಷ ಭಾವನಿಗೆ ಲಕ್ವ ಹೊಡೆಯಿತು. ಕೈಕಾಲು ಬಹುಮಟ್ಟಿಗೆ ಸುಧಾರಿಸಿದವು, ಮಾತು ತೊದಲಿತು. ಈಗಲೇ ಮಾತಾಡಿಸಿ, ಬಿಟ್ಟರೆ ಮುಂದೆ ಕಷ್ಟ ಎಂದು ಶಿವಮೊಗ್ಗದ ಡಾಕ್ಟರು ಅಕ್ಕನಿಗೆ ಒತ್ತಿ ಹೇಳಿ ಕಳಿಸಿದ್ದರು. ಆದರೆ ಭಾವ ಬಾಯಿ ತೆರೆಯಲು ಒಪ್ಪಲಿಲ್ಲ. ಜನ್ಮವಿಡೀ ಊರವರ ಉಚ್ಚಾರಣೆ ತಿದ್ದಿದವರು. ತಮ್ಮ ಬಾಯಿಂದ ಮುರುಕು ಮಾತು ಬರುವುದನ್ನು ಅವರಿಗೆ ಸಹಿಸಲಾಗಲಿಲ್ಲ. ಬೇಕಾದ್ದಕ್ಕೆ ಬೆರಳು ತೋರಿಸುತ್ತಿದ್ದರು. ನೋಡಲು ಬಂದವರೆಲ್ಲ ಅವರು ತಲೆಯಾಡಿಸಿದ್ದಕ್ಕೆ ತಾವೂ ತಲೆಯಾಡಿಸಿ ಹೋಗುತ್ತಿದ್ದರು.

ಅಕ್ಕ ನನಗೆ ಫೋನ್ ಮಾಡಿದಳು. "ಈ ಮನೇಲಿ ಇವ್ರಿಗೆ ಎದುರು ಹೇಳೋರೇ ಇಲ್ಲದ ಹಾಗಾಗಿದೆ. ನೀನು ಬಾ. ಬಂದು ಜಗಳ ಆಡು."

ಹೋದೆ. ಅಕ್ಕನ ಮಗಳು ಟಿ.ವಿ.ಗೆ ಇಂಟರ್ನೆಟ್ ಜೋಡಿಸಿಕೊಟ್ಟಿದ್ದಳು. ಭಾವನ ಮೆಚ್ಚಿನ ಧಾರಾವಾಹಿ ಹಾಕಿದೆ. ಅದರಲ್ಲಿ ಒಬ್ಬ ಮುದಿ ಮಾವ. ಭಾವನ ಲೆಕ್ಕದಲ್ಲಿ ಕನ್ನಡದಲ್ಲಿ ಅವನಿಗಿಂತ ದೊಡ್ಡ ನಟ ಹುಟ್ಟಿಲ್ಲ. ನಾನು ಅವನನ್ನು ಬೈದೆ. "ಎಂತದು ಭಾವ ಇದು, ನಟನೆಯಾ? ಹಲ್ಲುನೋವಿದ್ದವರ ಹಾಗೆ ಮಾತಾಡ್ತಾನೆ" ಎಂದೆ. ನಡಿಗೆ, ಮೀಸೆ, ಪಂಚೆ ಉಟ್ಟ ರೀತಿ, ಯಾವುದನ್ನೂ ಬಿಡಲಿಲ್ಲ. ಭಾವ ನನ್ನ ಕಡೆ ಒಮ್ಮೆ ನೋಡಿ ಮತ್ತೆ ಪರದೆಯತ್ತ ತಿರುಗಿದರು. ನನ್ನ ಬೈಗುಳವೂ ಮುಗಿಯಿತು. ಇಷ್ಟು ವರ್ಷದಲ್ಲಿ ನಾನು ಅವರೆದುರು ಗೆದ್ದ ಮೊದಲ ಜಗಳ ಅದು. ನನಗೆ ಅಳು ಬಂತು.

ಅಷ್ಟರಲ್ಲಿ ಪರದೆಯ ಮೇಲೆ ಅಳಿಯ ಮನೆಗೆ ಬಂದಿದ್ದ. ಬಡತನ ಮುಚ್ಚಿಡಲಾರದೆ ಮಾವ ಹೇಳುತ್ತಿದ್ದ: "ಅಳಿಯಂದಿರೇ, ಈ ಮನೆಯಲ್ಲಿ ನಿಮಗೆ ಕೊಡಲಿಕ್ಕೆ ಉಳಿದಿರೋದು ಒಂದು ಲೋಟ..."

ನೆಟ್‌ವರ್ಕ್ ಹೋಯಿತು. ಬಿಳಿ ಚಕ್ರ ತಿರುಗತೊಡಗಿತು. ಮುದಿ ಮಾವ ಬಾಯಿ ಅರ್ಧ ತೆರೆದು, ಕೈ ಮುಂದೆ ಚಾಚಿ ಹಾಗೆಯೇ ನಿಂತ. ಎಷ್ಟು ಹೊತ್ತಾದರೂ ಬಿಡುಗಡೆಯಿಲ್ಲ. ಭಾವ ಕುರ್ಚಿಯ ತುದಿಗೆ ಜರುಗಿದರು. ಕತ್ತು ಮುಂದೆ ಬಂತು.

"ಮ... ಮಜ್...ಗೆ."

ಒಳಗಿನಿಂದ ಅಕ್ಕ ನಿಜವಾಗಿಯೂ ಒಂದು ಲೋಟ ಮಜ್ಜಿಗೆ ಹಿಡಿದು ಓಡಿ ಬಂದಳು. ಭಾವ ಅವಳನ್ನೂ ಲೋಟವನ್ನೂ ನೋಡಿ, ವಿವರಿಸುವ ಗೋಜಿಗೆ ಹೋಗದೆ ಕುಡಿದರು.

ನಡೆದದ್ದನ್ನು ನನ್ನಿಂದ ಕೇಳಿದ ಮೇಲೆ ಅಕ್ಕನದೇ ಕಾರುಬಾರು. ವೈಫೈ ಡಬ್ಬದ ಸ್ವಿಚ್ಚಿನ ಪಕ್ಕ ತನ್ನ ಕುರ್ಚಿ ಹಾಕಿಕೊಂಡಳು. ಯಾರಾದರೂ ಮಾತಿನ ಮಧ್ಯೆ ಇದ್ದಾಗ ಸ್ವಿಚ್ ಆರಿಸುವುದು, ಏನೂ ಗೊತ್ತಿಲ್ಲದವಳಂತೆ ಹೂ ಕಟ್ಟುವುದು. ಎಷ್ಟೋ ನಾಯಕಿಯರು ಅಳುವುದಕ್ಕೂ ಆಗದೆ, ಎಷ್ಟೋ ಖಳರು ನಗುವುದಕ್ಕೂ ಆಗದೆ ನಿಂತರು. ಭಾವ ಮಾತು ಹೇಳಿಕೊಟ್ಟು ಒಬ್ಬೊಬ್ಬರನ್ನೂ ದಾಟಿಸಿದರು. ಮಾತು ಒಂದು ಪದದಿಂದ ಎರಡಾಯಿತು, ಆಮೇಲೆ ಸಣ್ಣ ವಾಕ್ಯವಾಯಿತು. ನನ್ನ ಮೆಚ್ಚಿನ ನಾಯಕ ನಿಂತಾಗ ಮಾತ್ರ, "ಇರ್ಲಿ... ಬಿಡು" ಎಂದರಂತೆ.

ಮುಂದಿನ ಸಲ ಹೋದಾಗ, ಸ್ವಿಚ್ಚಿಗೆ ಕೈಹಾಕಿದ ಅಕ್ಕನಿಗೆ ನಾನು ಸನ್ನೆ ಮಾಡಿದೆ, ಭಾವನಿಗೆ ಗೊತ್ತಾಗಿಬಿಡುತ್ತದೆ ಎಂದು. ಭಾವನೇ ನಕ್ಕರು. "ಸ್ವಿ...ಚ್ಚು. ಗೊತ್ತು" ಎಂದರು.

ಅಕ್ಕನ ಮುಖ ಕೆಂಪಾಯಿತು. ಕಟ್ಟುತ್ತಿದ್ದ ಹೂವನ್ನು ಮಡಿಲಲ್ಲಿ ಇಟ್ಟು ನನ್ನ ಕಡೆ ತಿರುಗಿದಳು. "ಮತ್ತೆಂತ ಮಾಡ್ಲಿ ನಾನು? ಈ ಮನೇಲಿ ಇನ್ನು ಇವ್ರ ದನಿನೇ ಕೇಳೋದಿಲ್ವೇನೋ ಅಂತ ನನಗೆ..."

ಮುಂದೆ ಹೇಳಲಾಗಲಿಲ್ಲ. ನಾನು ನೆಲ ನೋಡಿದೆ. ಭಾವ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡುತ್ತಿದ್ದು, ಮೆಲ್ಲಗೆ ಹೇಳಿಕೊಟ್ಟರು:

"ಹೆದ್...ರಿಕೆ."

"ಹ್ಞೂಂ, ಹೆದ್ರಿಕೆ ಆಗಿತ್ತು" ಎಂದಳು ಅಕ್ಕ.