ಗುಲಾಬಿ ಮೈನಾ ನೋಡಲು ಹೋದ ಗುರುಬಾಯಿ

ಅಫಜಲಪುರದ ಕಡೆಯ ಗುರುಬಾಯಿ ಹುಡುಗಿಯಾಗಿದ್ದಾಗ ಕಲಿತ ವಿದ್ಯೆ ಒಂದೇ: ಜೋಳದ ಹೊಲದ ಅಟ್ಟಣಿಗೆ ಹತ್ತಿ ಹಕ್ಕಿ ಓಡಿಸುವುದು. ಮದುವೆಯಾಗಿ ಹೈದರಾಬಾದಿನ ನಾರಾಯಣಗೂಡಕ್ಕೆ ಬಂದ ಮೇಲೆ ಆ ವಿದ್ಯೆಯನ್ನು ಕೇಳುವವರಿರಲಿಲ್ಲ.

ಹೈಟೆಕ್ ಸಿಟಿ ಎದ್ದು ನಿಂತ ವರ್ಷಗಳಲ್ಲಿ, ಹೋಳಿ ಮುಗಿದ ಮೇಲೊಂದು ರವಿವಾರ, ಸಾಫ್ಟ್‌ವೇರ್ ಕೆಲಸದ ಅಣ್ಣನ ಮಗಳು ರಶ್ಮಿ ಆಕೆಯನ್ನೂ ಆಫೀಸಿನ ಗೆಳೆಯರ ಜೊತೆ ಗಚ್ಚಿಬೌಲಿಯಾಚೆಯ ಬಯಲಿಗೆ ಕರೆದೊಯ್ದಳು. ಚಳಿಗಾಲಕ್ಕೆ ಬಂದ ಗುಲಾಬಿ ಮೈನಾಗಳು ತಮ್ಮ ದೇಶಕ್ಕೆ ಮರಳುವ ಮುನ್ನ ಅಲ್ಲಿ ಇಳಿಯುತ್ತವಂತೆ.

"ಅತ್ಯಾ, ಸಪ್ಪಳ ಮಾಡಬ್ಯಾಡ್ರಿ," ಎಂದಳು ರಶ್ಮಿ.

ಗುರುಬಾಯಿ ತುಟಿ ಪಿಟಕ್ಕೆನ್ನದೆ ಕೂತಳು. ಮೊಣಕಾಲ ಮೇಲೆ ಪಾತರಗಿತ್ತಿ ಬಂದು ಕೂತರೂ ಅಲುಗಲಿಲ್ಲ. ಪಾತರಗಿತ್ತಿ ಜೋಳ ತಿನ್ನುವುದಿಲ್ಲ. ಬಿಸಿಲೇರುವ ಹೊತ್ತಿಗೆ ಮೈನಾಗಳ ದೊಡ್ಡ ಹಿಂಡು ಬಯಲಿಗಿಳಿಯಿತು. ಎಲ್ಲರೂ ದುರ್ಬೀನು ಎತ್ತಿದರು. ಗುರುಬಾಯಿ ಎದ್ದು ನಿಂತು, ಸೆರಗು ಬೀಸಿ, "ಹೋ... ಹೊಹೋಯ್" ಎಂದು ಊರಿನ ದನಿಯಲ್ಲೇ ಕೂಗಿದಳು.

ಹಿಂಡು ಎದ್ದು ಹೋಯಿತು. ದುರ್ಬೀನುಗಳು ಒಂದೊಂದಾಗಿ ಕೆಳಗಿಳಿದವು.

"ಅತ್ಯಾ, ಕಾಯಾಕ ಇಲ್ಲಿ ಬೆಳಿ ಎಲ್ಲೈತ್ರಿ?" ಎಂದಳು ರಶ್ಮಿ.

ಗುರುಬಾಯಿ ಸುತ್ತ ನೋಡಿದಳು. ಕಣ್ಣು ಹಾಯುವಷ್ಟು ದೂರ ಮನೆ ಪ್ಲಾಟುಗಳ ಗಡಿಕಲ್ಲುಗಳೇ ನಿಂತಿದ್ದವು.

"ಹಂಗಾದ್ರ ಅವು ಏನು ತಿನ್ನಾಕ ಇಳಿದಿದ್ವವ್ವಾ?"